ಕಲ್ಲಿನ ಹಾಲು

ಐತವಾರ ಎಂಟು ಮಂದಿ ಇರ್ತೀವಿ, ಒಮ್ಮೊಮ್ಮೆ ಮೂರೇ.
ಪಂಕ್ಚರ್ ಅಂಗಡಿ ಖಾಜಾಮಿಯಾ ಹಳೇ ಟ್ಯೂಬು ತರ್ತಾನ,
ರೈಲ್ವೆ ಫಿಟ್ಟರ್ ಸಾಲೋಮನ್ ಪ್ರಾರ್ಥನೆ ಮುಗಿಸಿ ತಡಾ ಮಾಡಿ ಬಂದು
ಇಸ್ತ್ರಿ ಮುರಿಯದ ಅಂಗಿ ಜಾಲಿಗಿಡಕ್ಕ ಹಾಕಿ
ಮೊಣಕಾಲತನಕ ಕಾಗಿಣಾದೊಳಗ ಇಳೀತಾನ.

ಮೊದಲನೇ ವರ್ಷ ನಾವು ಹೊಳಿ ತೊಳದಿವಿ.
ಹಂಗೇ ಅಂತಿದ್ದಿವಿ, ತೊಳಿಯೂದು.
ಹರಿದ ಬಲಿ, ಗುಟಖಾ ಚೀಟಿ, ಹೊಲಿಗಿ ಮಷೀನಿನ ಒಂದು ಕಾಲು,
ದೇವರ ಫೋಟೋದ ಚೌಕಟ್ಟು.
ದೇವರು ಮೊದಲೇ ಕರಗಿ ಹೋಗಿದ್ದ.
ಕಸ ಮುಗೀತು, ಕೈ ಸುಮ್ಮನಿರಲಿಲ್ಲ.
ದಂಡಿಯ ಜೊಂಡು ಕಿತ್ತಿವಿ, ನೀರಿಗೆ ಇಳಿಬಿದ್ದ ಬೇರು ಕೊಯ್ದಿವಿ,
ಕಲ್ಲಿನ ಮ್ಯಾಲಿನ ಪಾಚಿ ತಂತಿ ಬ್ರಶ್ಶಿನಿಂದ ತಿಕ್ಕಿದಿವಿ.
ಹಬ್ಬದ ದಿನದ ಕಟ್ಟಿಯಂಗ ಹೊಳಿ ಫಳಾಫಳಾ.
ಸಾಲಾಗಿ ನಿಂತು ಫೋಟೋ ತಗೊಂಡಿವಿ.

ಆಚೀ ದಂಡಿಗಿ ನಿಂಬೆವ್ವ ಬಲಿಯ ಕಣ್ಣು ಹೊಲೀತಾ ಕುಂತಿದ್ಲು.
ಮೂರು ಐತವಾರ ಒಂದು ಮಾತಿಲ್ಲ.
ನಾಲ್ಕನೇದಕ್ಕ ಹರಗೋಲು ಹಾಕ್ಕೊಂಡು ಈಚಿಗಿ ಬಂದು
ನಾವು ಬಿಸಿಲಿಗಿ ಒಟ್ಟಿದ್ದ ಬೇರಿನ ರಾಶಿಯೊಳಗಿಂದ ಒಂದೆಳೆ ಎತ್ತಿ
ನನ್ನ ಅಂಗೈಮ್ಯಾಲ ಇಟ್ಟಳು.
ನವಣಿ ಕಾಳಿನಂಥವು. ಒಣಗಿ ಅಂಟಿದ್ದವು.
ಎಣಿಸಲಾಕ ಹೋಗಿ ಬಿಟ್ಟೆ.
"ತೊಟ್ಟಿಲಾ ಝಾಡಿಸಲಾಕ ಹೋಗಿ," ಅಂದಳು ಆಕಿ.
ಮುಂದ ಅನ್ನಲಿಲ್ಲ.

ಆ ಫೋಟೋ ಖಾಜಾಮಿಯಾನ ಅಂಗಡ್ಯಾಗ ಇನ್ನೂ ಅದ,
ಗ್ವಾಡಿಗಿ ಮುಖ ಮಾಡಿ.

ಮರುವರ್ಷ ಆಕಿ ತೋರಿಸಿದಲ್ಲೇ ಕೈ ಹಾಕಿದಿವಿ.
ಫೀಸು: ಎರಡು ಚಾ, ಒಂದು ಎಲಿ-ಅಡಕಿ.
ಮಿರಗದ ಮಳಿಗಿ ಹೊಸನೀರು ಇಳೀತದ,
ಎದುರು ನೀರಿಗೆ ಮೀನು ಏರ್ತಾವ, ಹೊಟ್ಟಿತುಂಬ ತತ್ತಿ.
ಪುಸ್ತಕದಾಗ ಏನಂತಾರೋ, ಆಕಿ ಅಂತಾಳ ಕೆಂಪಿ.
ಬಂಧಾರದ ಕೆಳಗ ದಾರಿ ಕಾಣದೆ ಹಾರ್ತಾವ, ಬೀಳ್ತಾವ,
ಅಲ್ಲೇ ಕೊಡಪಾನ ಹಿಡಿದರೂ ಸಿಗ್ತಾವ.
ಹನ್ನೊಂದು ರಾತ್ರಿ ಬ್ಯಾಟರಿ ಹಿಡಿದು ನಿಂತಿವಿ,
ಬಂದವರಿಗೆಲ್ಲ ಬ್ಯಾಡ್ರಿ, ಹನ್ನೊಂದೇ ದಿನ ಬ್ಯಾಡ್ರಿ ಅನಕೋತ.
ಒಬ್ಬ ನಕ್ಕ, ಒಬ್ಬ ನನ್ನ ಚಪ್ಪಲಿ ನೀರಿಗೆ ಒಗದ.
ಕಡೀಕ ನಿಂಬೆವ್ವನ ಅಳಿಯನೇ ಬಂದ, ಹೆಗಲಿಗೆ ಬಲಿ.
ಅವನಿಗೆ ಏನಂತ ಹೇಳ್ಲಿ ನಾನು?
ಅವನ ಒಲಿಗಿ ನಾ ಏನು ಹಾಕೀನಿ?
ಆಕಿ ಎದ್ದು ಬಂದಳು, ಬಲಿ ಇಸಕೊಂಡಳು, ಮಡಚಿ ಕಲ್ಲಿನ ಮ್ಯಾಲ ಹಾಕಿ
ಅದರ ಮ್ಯಾಲೇ ಬೆಳಗಾಗೂತನಕ ಕುಂತಳು.
ಬೈಗಳ ಎಲ್ಲಾ ಕೇಳಿಸಿಕೊಂಡಳು.

ಅಷ್ಟಾದರೂ ಮರಿ ಆಗಲಿಲ್ಲ.

"ಸಂದ್ಯಾಗ ಬೆರಳು ಹಾಕು," ಅಂದಳು ಒಂದಿನ,
ಹರಳಿನ ನಡುವ, ನೀರು ಸಣ್ಣಾಗಿ ಓಡೂವಲ್ಲಿ.
ಹಾಕಿದೆ.
ಬೆರಳು ಬೆಳ್ಳಗಾಗಿ ಬಂತು.

ಆ ಬಿಳುಪಿನ ಗುರ್ತು ನನಗದ.
ನನ್ನ ಉಗುರಿನಾಗ ಅದ, ಹುಬ್ಬಿನಾಗ ಅದ,
ಮಗಳು ನನ್ನ ಅಪ್ಪಿಕೊಂಡು ಸಾಲಿಗಿ ಹ್ವಾದರ ಆಕಿ ಜಡಿಯಾಗ ಅದ.
ನಾನು ಶಹಾಬಾದದ ಫರ್ಶಿ ಪಾಲಿಶ್ ಮಷೀನಿನವ.
ಹಾಸುಗಲ್ಲು ಸವದ ನೀರಿಗೆ ನಾವು ಕಲ್ಲಿನ ಹಾಲು ಅಂತೀವಿ.
ಆರು ದಿನ ಹಳ್ಳಕ್ಕ ಬಿಡೂದು,
ಏಳನೇ ದಿನ ಹೊಳಿ ಕಾಯಲಾಕ ಬರೂದು.
ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ ಅನ್ನೂದು ಖರೆ,
ಆದರ ನಾ ಹೇಳಿರಲಿಲ್ಲ.

ಅವತ್ತು ಹೇಳಿದೆ.
ಸಾಲೋಮನ್ ಅಂಗಿ ತೊಟ್ಟುಕೊಂಡ, ಗುಂಡಿ ಹಾಕಲಾಕ ಭಾಳ ಹೊತ್ತು ಹಿಡೀತು.
ನಿಂಬೆವ್ವ ಎಲಿಗಿ ಸುಣ್ಣ ಹಚ್ಚಿದಳು.

ಮಾಲಕ ಅಂದ: "ಹಳ್ಳ ಪುಕ್ಕಟ. ತಗ್ಗು ತೋಡಿದರ ಪಗಾರ ಯಾರು ಕೊಡ್ತಾರ?"
ಪಗಾರ ಬ್ಯಾಡ ಅಂದೆ.
ಶೆಡ್ಡಿನ ಹಿಂದ, ರಾತ್ರಿ, ಖಾಜಾಮಿಯಾ ಕಂದೀಲು ಹಿಡಿದ.
ಮೂರು ತಗ್ಗು, ಒಂದರ ಬಾಯಿ ಇನ್ನೊಂದಕ್ಕ.
ಮೊದಲನೇದರಾಗ ಹಾಲು, ಎರಡನೇದರಾಗ ಮಜ್ಜಿಗಿ,
ಮೂರನೇದರಾಗ ನೀರು, ಹೆಚ್ಚುಕಡಿಮಿ ನೀರು.
ನಮ್ಮ ಓಣ್ಯಾಗ ಇಂಥ ಮಷೀನು ಇನ್ನೂ ಇಪ್ಪತ್ತಾರು ಅದಾವ.

ಈ ವರ್ಷ ಕೆಂಪಿ ಏರಿತೋ ಇಲ್ಲೋ ಗೊತ್ತಿಲ್ಲ.
ನಿಂಬೆವ್ವನಿಗೆ ಕೇಳಿದರ ಬಲಿಯ ಕಣ್ಣು ಎಣಿಸ್ತಾಳ.
ಕೂಡೂದು ಮಾತ್ರ ಈಗ ಈಚೀ ದಂಡಿಗಿ.

ನಿನ್ನಿ ಸಂಜಿಮುಂದ ಒಬ್ಬನೇ ಹೋಗಿ
ಅದೇ ಸಂದ್ಯಾಗ ಬೆರಳು ಹಾಕಿ ತೆಗದೆ.
ಉಗುರು ಅರ್ಧ ಬೆಳ್ಳಗಿತ್ತು.
ಅರ್ಧ.